ಸೋನಾ ಮಸೂರಿಯ ನೆಲದಲ್ಲಿ ಸವುಳು

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೇಯುವ ಸೋನಾ ಮಸೂರಿ ಗಂಗಾವತಿ, ಸಿಂಧನೂರು ಕಡೆಯದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯುವ ಮೊದಲು ಅಲ್ಲಿನ ಎರೆ ಹೊಲಗಳಲ್ಲಿ ಮಳೆ ನೆಚ್ಚಿ ಬಿಳಿಜೋಳ, ಹತ್ತಿ ಬಿತ್ತುತ್ತಿದ್ದರು. ಬರ ಬಿದ್ದರೆ ಗುಳೆ. ಅರವತ್ತರ ದಶಕದ ನಡುವೆ ಇಡೀ ದೇಶವೇ ಅಮೆರಿಕದ ಗೋಧಿ ಹಡಗಿನ ದಾರಿ ಕಾಯುತ್ತಿತ್ತು. ಕಾಲುವೆ ನೀರು, ಹೊಸ ತಳಿ, ಯೂರಿಯಾ ಒಟ್ಟಿಗೆ ಬಂದದ್ದರಿಂದಲೇ ಆ ದಿನಗಳು ಹಿಂದೆ ಸರಿದವು. ಅದನ್ನು ಮರೆತು, ಹೊಟ್ಟೆ ತುಂಬಿದ ಮೇಲೆ, ನೆಲ ಕೆಡಿಸಿದವನು ರೈತ ಎಂದು ಬೆರಳು ತೋರುವುದು ಅನ್ಯಾಯ.

ಆದರೆ ನೆಲದ ದೂರೂ ಸುಳ್ಳಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಭತ್ತಕ್ಕೆ ಗೊತ್ತುಮಾಡಿದ್ದು ಸ್ವಲ್ಪವೇ, ಆದರೂ ಹಬ್ಬಿದ್ದು ಭತ್ತವೇ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷಕ್ಕೆ ಎರಡು ಸಲ ಗದ್ದೆಯಲ್ಲಿ ನೀರು ನಿಂತರೆ ನೆಲದಡಿಯ ನೀರು ಮೇಲೇರುತ್ತದೆ, ಜತೆಗೆ ಉಪ್ಪನ್ನೂ ತರುತ್ತದೆ. ನೀರು ಆರಿದ ಮೇಲೆ ಉಳಿಯುವುದು ಬಿಳಿ ಪೊರೆ. ಇದೇ ಸವುಳು-ಜವುಳು. ಒಮ್ಮೆ ಹಿಡಿದರೆ ಅಂಥ ಹೊಲದಲ್ಲಿ ಜೋಳ ಏಳುವುದು ಕಷ್ಟ, ಕೊನೆಗೆ ಭತ್ತವೂ ಸೊರಗುತ್ತದೆ.

ನೀರಿನ ಪಾಲಿನ ಜಗಳ ಬೇರೆಯೇ ಇದೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆದರೆ ಕೆಳಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗಿಳಿಯಬೇಕು. ಹೂಳು ತುಂಬಿ ಜಲಾಶಯದ ಸಾಮರ್ಥ್ಯವೂ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ.

ಹಾಗೆಂದು ಜೋಳಕ್ಕೆ ಮರಳಿ ಎಂದರೆ ರೈತ ಕೇಳುತ್ತಾನೆ: ಎಕರೆಗೆ ಎಷ್ಟು ಚೀಲ ಬಂದೀತು, ಕೊಳ್ಳುವವರು ಯಾರು? ಭತ್ತಕ್ಕೆ ಊರ ಪಕ್ಕದಲ್ಲೇ ಗಿರಣಿ ಇದೆ, ಬಂಡಿ ಹೊಲಕ್ಕೇ ಬರುತ್ತದೆ. ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾದರೂ, ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಅವನ ಸಾಲ ತೀರುವುದಿಲ್ಲ. ಈ ಪ್ರಶ್ನೆಯನ್ನು ಪರಿಸರದ ಬಗ್ಗೆ ಮಾತಾಡುವ ನಾವು ಬಹಳ ಸಲ ದಾಟಿಹೋಗಿದ್ದೇವೆ.

ನನ್ನ ಮಟ್ಟಿಗೆ, ಮುಂಗಾರಿನ ಭತ್ತ ಇರಲಿ, ಬೇಸಿಗೆಯ ಎರಡನೇ ಭತ್ತ ನಿಲ್ಲಬೇಕು. ಆ ನೀರು ಕೆಳಭಾಗಕ್ಕೆ ಹರಿಯಲಿ. ಅದಕ್ಕೆ ಮೊದಲು ಸರ್ಕಾರ ಸವುಳು ಹೊಲಗಳಿಗೆ ಬಸಿಗಾಲುವೆ ತೋಡಿಸಲಿ, ಹಿಂಗಾರಿ ಜೋಳವನ್ನು ಪಡಿತರಕ್ಕಾಗಿ ಸುಗ್ಗಿಯಲ್ಲೇ ಕೊಳ್ಳಲಿ. ಅಷ್ಟು ಮಾಡದೆ ಬೆಳೆ ಬದಲಿಸು ಎಂದು ರೈತನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.