ಬಿಕಾಂನಿಂದ ಕ್ವಾಂಟ್ | ಭಾಗ 3: ಕ್ಯಾಂಡಲ್ ಬಿಡಿ, ಲೆಕ್ಕ ಹಿಡೀರಿ

"ನಾನೂ ಕ್ವಾಂಟ್ ಆಗ್ಬೇಕು, ಯಾವ ಟ್ರೇಡಿಂಗ್ ಕೋರ್ಸ್ ಸೇರಲಿ?" ಹೋದ ಭಾಗಕ್ಕೆ ಬಂದ ಮೆಸೇಜ್‌ಗಳಲ್ಲಿ ಅರ್ಧ ಇದೇ. ಉತ್ತರ: ಯಾವುದೂ ಬೇಡ.

ಕೋಪ ಮಾಡ್ಕೋಬೇಡಿ. ಅಮ್ಮನ ಚೀಟಿ ದುಡ್ಡಲ್ಲಿ ಏಳು ಸಾವಿರ ಕೊಟ್ಟು ಅಂಥದ್ದೊಂದು ಸೇರಿದವನು ನಾನೇ. ಹಸಿರು ಕ್ಯಾಂಡಲ್, ಕೆಂಪು ಕ್ಯಾಂಡಲ್ ಹೇಳ್ಕೊಟ್ರು. ನಮ್ಮ ಊಹೆ ತಪ್ಪಾಗೋ ಸಂಭವ ಎಷ್ಟು, ತಪ್ಪಾದ್ರೆ ಎಷ್ಟು ಹೋಗುತ್ತೆ ಅಂತ ಒಂದು ದಿನಾನೂ ಹೇಳಲಿಲ್ಲ. ಕ್ವಾಂಟ್ ಕೆಲಸ ಶುರುವಾಗೋದೇ ಆ ಪ್ರಶ್ನೆಗಳಿಂದ!

ಸೆಬಿಯ 2024ರ ವರದಿ ನೋಡಿ. ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ನಮ್ಮಂಥ ಬಿಡಿ ಟ್ರೇಡರ್‌ಗಳಲ್ಲಿ ಶೇ. 93 ಜನ ಕಳ್ಕೊಂಡಿದ್ದಾರೆ. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಅದೇ ಮಾರುಕಟ್ಟೆಯಲ್ಲಿ 2023-24ರಲ್ಲಿ ವಿದೇಶಿ ಹೂಡಿಕೆದಾರರ ಲಾಭದ ಶೇ. 97, ಪ್ರಾಪ್ ಟ್ರೇಡರ್‌ಗಳ ಲಾಭದ ಶೇ. 96 ಬಂದಿದ್ದು ಅಲ್ಗೋ ಟ್ರೇಡಿಂಗ್‌ನಿಂದ. ಆ ಅಲ್ಗೋ ಕಟ್ಟೋಕೆ ಬೇಕಾಗಿರೋದು ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಕೋಡಿಂಗ್.

ಇನ್ನು ನಮ್ಮ ತಪ್ಪು. ಪಿಯುಸಿಯಲ್ಲಿ ನಾನು ಎಚ್‌ಇಬಿಎ ತಗೊಂಡೆ. ಹಿಸ್ಟರಿ ಇಷ್ಟ ಅಂತಲ್ಲ, ಸ್ಟ್ಯಾಟಿಸ್ಟಿಕ್ಸ್‌ನಿಂದ ತಪ್ಪಿಸ್ಕೊಳ್ಳೋಕೆ. "ಕಾಮರ್ಸ್‌ಗೆ ಮ್ಯಾಥ್ಸ್ ಯಾಕೆ?" ಅಂದೋರ ಮಾತು ಅರ್ಧ ಸುಳ್ಳು. ಡೆಬಿಟ್-ಕ್ರೆಡಿಟ್‌ಗೆ ಬೇಡ, ಸರಿ. ಆದ್ರೆ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರ ಬಾಯಿಪಾಠ ಮಾಡ್ಬಹುದು, ಕ್ಯಾಲ್ಕುಲಸ್ ಇಲ್ಲದೆ ಅದು ಎಲ್ಲಿಂದ ಬಂತು ಅಂತ ತಿಳಿಯಲ್ಲ.

👉 ಹತ್ತನೇ ಕ್ಲಾಸ್ ತಮ್ಮ-ತಂಗಿಯರೇ: ನಿಜವಾಗ್ಲೂ ಇದೇ ಬೇಕಂದ್ರೆ ಮ್ಯಾಥ್ಸ್ ಬಿಡಬೇಡಿ. ಆಮೇಲೆ ಮ್ಯಾಥ್ಸ್, ಸ್ಟ್ಯಾಟ್ಸ್ ಅಥವಾ ಸಿಎಸ್ ಡಿಗ್ರಿ. ಬೆಂಗಳೂರಿನ ಐಎಸ್‌ಐನಲ್ಲೇ ಬಿ.ಮ್ಯಾಥ್ ಇದೆ. ಕಾಮರ್ಸೇ ಬೇಕಾ? ಎಸ್‌ಇಬಿಎ ಅಥವಾ ಬೇಸಿಕ್ ಮ್ಯಾಥ್ಸ್ ಇರೋ ಕಾಂಬಿನೇಷನ್ ತಗೊಳ್ಳಿ.

👉 ಈಗಾಗ್ಲೇ ಬಿಕಾಂನಲ್ಲಿ ಇರೋರೇ: ಡಿಗ್ರಿ ಬಿಡೋದು ಬೇಡ. ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಡಿಗ್ರಿಗೆ ಕಾಮರ್ಸ್‌ನವರೂ ಸೇರಬಹುದು. ಎರಡು ಡಿಗ್ರಿ ಒಟ್ಟಿಗೆ ಓದೋಕೆ ಯುಜಿಸಿ 2022ರಲ್ಲೇ ಒಪ್ಪಿದೆ. ದುಡ್ಡಿಲ್ವಾ? ಹಾರ್ವರ್ಡ್‌ನ ಸ್ಟ್ಯಾಟ್ 110, ಎಂಐಟಿಯ ಗಿಲ್ಬರ್ಟ್ ಸ್ಟ್ರ್ಯಾಂಗ್ ಪಾಠ, ಎರಡೂ ಯೂಟ್ಯೂಬ್‌ನಲ್ಲಿ ಪುಕ್ಕಟೆ.

"ಇಷ್ಟು ಮಾಡಿದ್ರೆ ಕೆಲಸ ಗ್ಯಾರಂಟಿನಾ?" ಇಲ್ಲ. ಗ್ಯಾರಂಟಿ ಕೊಡೋನು ಕೋರ್ಸ್ ಮಾರೋನು. ಆದ್ರೆ ಕಲಿತ ಲೆಕ್ಕ ರಿಸ್ಕ್, ಡೇಟಾ, ಇನ್ಶೂರೆನ್ಸ್, ಎಲ್ಲಿಗೆ ಹೋದ್ರೂ ಜೊತೆಗೆ ಬರುತ್ತೆ.

ನಾನೀಗ ದಿನಾ ಕಾಲೇಜು ಬಸ್ಸಲ್ಲಿ ಸೆಕೆಂಡ್ ಪಿಯು ಮ್ಯಾಥ್ಸ್ ಪುಸ್ತಕ ಬಿಡಿಸ್ತೀನಿ. ಇಪ್ಪತ್ತು ವರ್ಷಕ್ಕೆ ಡಿಫರೆನ್ಷಿಯೇಷನ್! ಪಕ್ಕದೋರು ನಗ್ತಾರೆ. ನಗಲಿ ಬಿಡಿ, ಅಮ್ಮನ ಏಳು ಸಾವಿರಕ್ಕಿಂತ ಇದು ಅಗ್ಗ.

ಒಪ್ಪಲ್ವಾ? ಕಮೆಂಟಲ್ಲಿ ಬನ್ನಿ, ಜಗಳ ಆಡೋಣ. ಭಾಗ 4: ಯಾವ ಲೆಕ್ಕ ಮೊದಲು, ಯಾವುದು ಆಮೇಲೆ.

#ಬಿಕಾಂ #ಕ್ವಾಂಟ್ #ಕನ್ನಡದಲ್ಲಿಫೈನಾನ್ಸ್