ತಾಯಿಯ ಗುಮಾನಿ

ನನ್ನ ಮಗಳಿಗೆ ಏಳು ತಿಂಗಳಿದ್ದಾಗ ಒಂದು ಮಧ್ಯಾಹ್ನ ನನ್ನ ಹೆಂಡತಿ ತೊಟ್ಟಿಲ ಹಿಂದೆ ನಿಂತು ಸ್ಟೀಲಿನ ತಾಟನ್ನು ಸೌಟಿನಿಂದ ಬಡಿದಳು. ಮಗು ಬೆಚ್ಚಿ ಕತ್ತು ಹೊರಳಿಸಿತು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ನಮ್ಮವ್ವ, "ನೋಡಿದೇನು, ಛಲೋ ಕೇಳಸ್ತದ. ಸುಮ್‌ಸುಮ್ನೆ ಕೂಸಿಗಿ ಹೆಸರಿಡಬ್ಯಾಡ" ಅಂದಳು. ನಾನೂ ಹೂಂ ಅಂದೆ. ಹೆಂಡತಿ ತಾಟನ್ನು ಒಳಗಿಟ್ಟು ಬಂದು, "ತಾಟ ಬಡದ್ರ ತಿರಗ್ತದ, ನಾ ಕರದ್ರ ತಿರಗಲ್ಲ" ಎಂದಷ್ಟೇ ಹೇಳಿದಳು. ಕಿವಿಯ ಡಾಕ್ಟರರು ಮೊದಲು ಕೇಳಬೇಕಾದ ವಿವರವೆಲ್ಲ ಆ ಒಂದು ಮಾತಿನಲ್ಲಿತ್ತು. ಅದು ನನ್ನ ತಲೆಗೆ ಹೋಗಲು 13 ತಿಂಗಳು ಬೇಕಾಯಿತು.

ಈ ತಾಟಿನ ಪರೀಕ್ಷೆ ನಮ್ಮ ಸೀಮೆಯ ಜಹೀರಾಬಾದಿನಲ್ಲಿ, ನಾರಾಯಣಖೇಡದಲ್ಲಿ, ತಾಂಡೂರಿನಲ್ಲಿ ಯಾವ ಮನೆಗೆ ಹೋದರೂ ಗೊತ್ತು. ಚಪ್ಪಾಳೆ ತಟ್ಟುತ್ತಾರೆ, ಕೀಲಿಕೈ ಗೊಂಚಲು ಅಲ್ಲಾಡಿಸುತ್ತಾರೆ, ಬಾಗಿಲು ದಡ್ಡನೆ ಹಾಕುತ್ತಾರೆ. ಮಗು ತಿರುಗಿದರೆ ಮುಗಿಯಿತು, ಕಿವಿ ಸರಿಯಿದೆ. ಆದರೆ ಮಗು ತಿರುಗುವುದಕ್ಕೆ ಸದ್ದೇ ಬೇಕೆಂದಿಲ್ಲ. ಗೋಡೆಯ ಮೇಲೆ ಕೈಯ ನೆರಳು ಆಡಿದರೆ ಸಾಕು, ಬಾಗಿಲಿನ ಗಾಳಿ ಕೆನ್ನೆಗೆ ತಾಗಿದರೆ ಸಾಕು, ನೆಲದ ಅದುರು ತೊಟ್ಟಿಲಿಗೆ ಏರಿದರೆ ಸಾಕು. ಸದ್ದನ್ನೇ ಕೇಳಿ ತಿರುಗಿತು ಅಂತಲೇ ಇಟ್ಟುಕೊಳ್ಳೋಣ. ಹತ್ತಿರದಲ್ಲಿ ಬಡಿದ ತಾಟಿನ ಸದ್ದು ಮಾತಿಗಿಂತ ಎಷ್ಟೋ ಪಾಲು ಜೋರು. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಅದರೊಳಗೂ ಆ, ಓ, ಊ ಎಂಬ ಸ್ವರಗಳು ದಪ್ಪಗೆ ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ ಎಂಬ ವ್ಯಂಜನಗಳು ತೆಳ್ಳಗೆ ಸುಳಿದು ಹೋಗುತ್ತವೆ. ಅರ್ಥವನ್ನು ಹೊರುವುದು ಹೆಚ್ಚಾಗಿ ಈ ತೆಳ್ಳನೆಯವೇ. 'ಕಸ' ಯಾವುದು 'ತಟ' ಯಾವುದು ಎಂದು ಬೇರೆ ಮಾಡಿ ಕೇಳಲಾರದ ಮಗುವೂ ತಾಟಿಗೆ ಬೆಚ್ಚುತ್ತದೆ. ತಾಟು ಬಡಿದು ಸಮಾಧಾನಪಟ್ಟ ಮನೆ ಮಗುವಿನ ಕಿವಿಯನ್ನು ಪರೀಕ್ಷೆ ಮಾಡಿರುವುದಿಲ್ಲ, ತನ್ನ ಚಿಂತೆಯನ್ನು ಮಲಗಿಸಿರುತ್ತದೆ, ಅಷ್ಟೆ.

ಇನ್ನೊಂದು ಮೋಸ ಮಗುವಿನ ಬಾಯಿಯದು. ಸರಿಯಾಗಿ ಕೇಳದ ಮಕ್ಕಳೂ ಮೊದಲ ಆರು ತಿಂಗಳು ಬೇರೆ ಮಕ್ಕಳಂತೆಯೇ ನಗುತ್ತವೆ, ಕೂಗುತ್ತವೆ, ಗುಳುಗುಳು ಅನ್ನುತ್ತವೆ. ಆಮೇಲೆ 'ಬಾಬಾಬಾ', 'ದಾದಾದಾ' ಎಂದು ಉಲಿಯಬೇಕಾದ ಹೊತ್ತಿನಲ್ಲಿ ದಾರಿ ಬೇರೆಯಾಗುತ್ತದೆ. ಆ ಬದಲಾವಣೆ ಎಷ್ಟು ಸಣ್ಣದೆಂದರೆ ದಿನವಿಡೀ ಮಗುವಿನ ಜೊತೆ ಇರುವವರಿಗೆ ಮಾತ್ರ ತಿಳಿದೀತು. ಸಂಜೆ ಬಂದು ಎತ್ತಿಕೊಂಡು ಆಡಿಸುವ ಅಪ್ಪನಿಗೆ ತಿಳಿಯುವುದಿಲ್ಲ. ನನಗೆ ತಿಳಿಯಲಿಲ್ಲ.

ತಾಯಿಗೆ ಹೇಳುವ ಸಮಾಧಾನಗಳು ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಥರ. "ನಿನ್ ಗಂಡ ಭೀ ಮೂರು ವರ್ಷಕ್ಕ ಮಾತಾಡ್ಯಾನ." "ಮಾತು ಬರ್ತದ, ಘಾಯಿ ಮಾಡಬ್ಯಾಡ." ಇವನ್ನು ಹೇಳುವವರು ಕೆಟ್ಟವರಲ್ಲ. ಎಷ್ಟೋ ಮಕ್ಕಳು ನಿಜವಾಗಿಯೂ ತಡವಾಗಿ ಮಾತಾಡುತ್ತವೆ, ಅವುಗಳ ಕಿವಿಗೆ ಏನೂ ಆಗಿರುವುದಿಲ್ಲ. ಜಗತ್ತಿನಾದ್ಯಂತ ಸಾವಿರ ಮಕ್ಕಳು ಹುಟ್ಟಿದರೆ ಒಂದರಿಂದ ಮೂರಕ್ಕೆ ಎರಡೂ ಕಿವಿಯ ಶಾಶ್ವತ ದೋಷವಿರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ದೇಶದಲ್ಲಿ ಇನ್ನೂ ಹೆಚ್ಚು ಕಂಡದ್ದುಂಟು. ಹಾಗಾದರೂ ತಾಯಂದಿರ ಗುಮಾನಿ ಹತ್ತರಲ್ಲಿ ಎಷ್ಟೋ ಸಲ ಹುಸಿಯಾಗುತ್ತದೆ. ಅದಕ್ಕೇ ಕಾಯಿರಿ ಅನ್ನುವುದು ವಿವೇಕದ ಮಾತಿನಂತೆ ಕಾಣುತ್ತದೆ.

ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ನಾನೂ ಒಪ್ಪುತ್ತಿದ್ದೆ. ಭಾಷೆ ಕಲಿಯಲು ಮಿದುಳು ತೆರೆದಿಟ್ಟುಕೊಂಡ ಬಾಗಿಲು ನಾವು ಬರುವ ತನಕ ತೆರೆದಿರುವುದಿಲ್ಲ. 1998ರಲ್ಲಿ ಅಮೆರಿಕದ ಕ್ರಿಸ್ಟೀನ್ ಯೊಶಿನಾಗ-ಇತಾನೋ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಖಚಿತವಾಗಿ ತೋರಿಸಿತು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದ ಮಕ್ಕಳ ಭಾಷೆಗಿಂತ ಬಹಳ ಮುಂದಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬ ಸೂತ್ರವನ್ನು ಈಗ ಎಲ್ಲೆಡೆ ಒಪ್ಪಿರುವುದು ಇಂಥ ತಿಳಿವಳಿಕೆಯ ಮೇಲೆ. ಹುಸಿ ಗುಮಾನಿಗೆ ತೆರಬೇಕಾದದ್ದು ಒಂದು ದಿನದ ಕೂಲಿ, ಬಸ್ಸಿನ ಚಾರ್ಜು. ನಿಜವಾದ ಗುಮಾನಿಯ ಬಾಯಿ ಮುಚ್ಚಿಸಿದರೆ ತೆರಬೇಕಾದದ್ದು ಮಗುವಿನ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ನೋಡೋಣ' ಅನ್ನುವುದು ತಪ್ಪು ಲೆಕ್ಕ.

ಪರೀಕ್ಷೆಯೂ ಹೆದರುವಂಥದ್ದಲ್ಲ. ಕಿವಿಯೊಳಗಿನ ಶಂಖದಲ್ಲಿರುವ ಸೂಕ್ಷ್ಮ ಕೂದಲಿನ ಜೀವಕೋಶಗಳು ಸದ್ದು ಕೇಳಿದಾಗ ತಾವೂ ಒಂದು ಕ್ಷೀಣ ಸದ್ದನ್ನು ಮರಳಿಸುತ್ತವೆ ಎಂದು 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಅದರ ಆಧಾರದ ಮೇಲೆ ಒಎಇ ಯಂತ್ರ ಬಂತು. ಮೆತ್ತನೆಯ ಸಣ್ಣ ಬಿರಡೆಯೊಂದನ್ನು ಮಗುವಿನ ಕಿವಿಗಿಟ್ಟರೆ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹುಟ್ಟಿದ ಒಂದೆರಡು ದಿನದಲ್ಲಿ ಮಾಡಿದರೆ ಕಿವಿಯಲ್ಲಿ ಉಳಿದ ಹೊಲಸಿನಿಂದ ಕೆಲವು ಸಲ ಫೇಲ್ ಎಂದು ತೋರಿಸುತ್ತದೆ, ಮತ್ತೆ ಮಾಡಿದಾಗ ಪಾಸಾಗುತ್ತದೆ. ಅದಕ್ಕೆ ಗಾಬರಿ ಬೇಡ, ಆದರೆ ಎರಡನೆಯ ಸಲ ಹೋಗುವುದನ್ನು ತಪ್ಪಿಸಲೂ ಬಾರದು. ಹುಟ್ಟಿದಾಗ ಕಾಮಾಲೆ ತೀವ್ರವಾಗಿ ಏರಿದ್ದ ಮಕ್ಕಳಿಗೆ ಒಎಇ ಒಂದೇ ಸಾಲದು. ಅಂಥವರಲ್ಲಿ ಶಂಖ ಚೆನ್ನಾಗಿದ್ದು ನರದಲ್ಲಿ ತೊಂದರೆಯಿರಬಹುದು, ನರವನ್ನು ನೋಡುವ ಬೆರಾ ಪರೀಕ್ಷೆ ಆಗಲೇಬೇಕು. ಎರಡಕ್ಕೂ ಮಗು ಅಲುಗಾಡದೆ ಇರಬೇಕು, ನಿದ್ದೆಯಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ನನ್ನ ಮಗಳು ದವಾಖಾನೆಯ ಬೆಂಚಿನ ಮೇಲೆ ಅವಳ ಅವ್ವನ ತೊಡೆಯಲ್ಲಿ ಮಲಗಿದ್ದಾಗಲೇ ಅವಳ ಲೆಕ್ಕ ಹೊರಬಂತು. ಎರಡೂ ಕಿವಿಯಲ್ಲಿ ಸುಮಾರು 55 ಡೆಸಿಬೆಲ್ ಕೊರತೆ. ತಾಟು ಕೇಳುತ್ತದೆ, ತಾಯಿ ಕರೆದದ್ದು ಕೇಳುವುದಿಲ್ಲ. ಹೆಂಡತಿ ಏಳನೇ ತಿಂಗಳಲ್ಲಿ ಹೇಳಿದ್ದೂ ಇದನ್ನೇ.

ಅವಳ ಮಾತನ್ನು ನಾವು ಯಾಕೆ ನಂಬಲಿಲ್ಲ? ನಮ್ಮ ಊರ ಕಡೆಯ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು ಸಿರಿಧಾನ್ಯದ ಬೀಜ ಉಳಿಸಿದರು. ಮಾಚನೂರಿನಲ್ಲಿ 2008ರಿಂದ ತಮ್ಮದೇ ಸಂಘಂ ರೇಡಿಯೋ ನಡೆಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಸ್ಥೆಗೆ ಬಂತು. ಯಾವ ಜೋಳ ಯಾವ ಮಣ್ಣಿಗೆ ಎಂದು ಅಕ್ಷರ ಕಲಿಯದ ಹೆಂಗಸು ಹೇಳಿದರೆ ಅದು ಜ್ಞಾನ ಎಂದು ಜಗತ್ತು ಒಪ್ಪಿದೆ. ದಿನಕ್ಕೆ ನೂರು ಸಲ ಮಗುವನ್ನು ಕರೆದು, ಅದರ ಕಣ್ಣು, ಕತ್ತು, ತುಟಿ ನೋಡಿದ ಹೆಂಗಸು "ಇದಕ್ಕೆ ಕೇಳುತ್ತಿಲ್ಲ" ಅಂದರೆ ಮಾತ್ರ ಅದು ಹೆಣ್ಣಿನ ಅಂಜಿಕೆ. ನೂರು ಸಲ ನೋಡಿ ಹೇಳಿದ್ದು ಅಂಜಿಕೆಯಲ್ಲ, ಅದೂ ಜ್ಞಾನವೇ. ಪರೀಕ್ಷೆಗೆ ಕಳಿಸಲು ಡಾಕ್ಟರರಿಗೆ ಬೇರೆ ಕಾರಣ ಬೇಕಾಗಬಾರದು.

ನಮ್ಮ ಸೀಮೆಯಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹರಿದು ಹಂಚಿದಾಗ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳೂ ಕಲಬುರಗಿಯ ತಾಂಡೂರು ತಾಲೂಕೂ ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಓಣಿಯಲ್ಲಿ ದಖನಿ ಉರ್ದು, ಸಾಲಿಯಲ್ಲಿ ಇಂಗ್ಲಿಷು. ಮಗು ಮಾತಾಡದಿದ್ದರೆ ಅಪರಾಧಿ ಕೈಗೆ ಸಿದ್ಧವಾಗಿ ಸಿಗುತ್ತದೆ: "ಮನೀ ತುಂಬ ಮೂರು ಮೂರು ಭಾಷಾ, ಕೂಸು ಗಲಿಬಿಲಿ ಆಗ್ಯಾದ." ನಾವು ಮೊದಲು ತೋರಿಸಿದ ದವಾಖಾನೆಯಲ್ಲೂ ಇದನ್ನೇ ಹೇಳಿ ಕಳಿಸಿದರು. ಆ ಮಾತನ್ನು ನಂಬಿ ನಾವು ಮನೆಯಲ್ಲಿ ಉರ್ದು ಬಿಟ್ಟೆವು, ತೆಲುಗು ಬಿಟ್ಟೆವು, ಆರು ತಿಂಗಳು ಕಳೆದೆವು.

ಈ ವಾದ ನಿಲ್ಲುವಂಥದ್ದಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆದ ಮಗು ಶಬ್ದಗಳನ್ನು ಬೆರೆಸೀತು, ಒಂದೊಂದು ಭಾಷೆಯಲ್ಲಿ ಸ್ವಲ್ಪ ಕಡಿಮೆ ಶಬ್ದ ಕಲಿತೀತು. ಹೆಸರು ಕರೆದರೆ ತಿರುಗದಂತೆ ಯಾವ ಭಾಷೆಯೂ ಮಾಡುವುದಿಲ್ಲ. ಭಾಷೆಗಳು ಕಿವಿಯನ್ನು ಮಂದ ಮಾಡುವುದಾದರೆ ಬೀದರಿನಿಂದ ತಾಂಡೂರಿನ ತನಕ ಒಂದು ಪೀಳಿಗೆಯೂ ಮಾತು ಕಲಿಯುತ್ತಿರಲಿಲ್ಲ.

ದೋಷ ಗೊತ್ತಾದ ಮೇಲೆ ಭಾಷೆಯ ಪ್ರಶ್ನೆ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಕಿವಿಗೆ ಮಷೀನು ಹಾಕಿದ ಮಗುವಿನ ಜೊತೆ ಯಾವ ಭಾಷೆ ಆಡಬೇಕು? ಕನ್ನಡದಲ್ಲೇ ಮಕ್ಕಳಿಗೂ ತಾಯಂದಿರಿಗೂ ತರಬೇತಿ ಕೊಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ, ನಮಗೆ ಒಂದು ರಾತ್ರಿಯ ಪ್ರಯಾಣಕ್ಕೂ ಮೀರಿದ ದೂರ. ಹತ್ತಿರದ್ದು ಹೈದರಾಬಾದ್. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿನ ಮಾತು ತೆಲುಗು, ಹಿಂದಿ. ಹಾಗಾಗಿ ಎಷ್ಟೋ ತಾಯಂದಿರು ತಮಗೆ ಸರಿಯಾಗಿ ಬಾರದ ತೆಲುಗಿನಲ್ಲಿ ಮಗುವಿನ ಜೊತೆ ಮಾತಾಡಲು ಹೆಣಗುತ್ತಾರೆ. ನನ್ನ ನಿಲುವು ಖಚಿತ: ತಾಯಿ ಯಾವ ಭಾಷೆಯಲ್ಲಿ ಬೈಯುತ್ತಾಳೋ, ಮುದ್ದು ಮಾಡುತ್ತಾಳೋ, ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಗುನುಗುತ್ತಾಳೋ ಆ ಭಾಷೆಯೇ ಮಗುವಿಗೆ ಮೊದಲು ಬೇಕು. ಇಂಥ ಮಗುವಿಗೆ ಮಾತು ಹೇರಳವಾಗಿ, ಹತ್ತಿರದಿಂದ, ಸಾವಿರ ಸಲ ಬೀಳಬೇಕು. ಬಾರದ ಭಾಷೆಯಲ್ಲಿ ತಾಯಿ ದಿನಕ್ಕೆ ಹತ್ತು ಮಾತು ಆಡಿ ಸುಮ್ಮನಾಗುತ್ತಾಳೆ. ತನ್ನ ಭಾಷೆಯಲ್ಲಾದರೆ ಅವಳ ಮಾತಿಗೆ ಲೆಕ್ಕವೇ ಇರುವುದಿಲ್ಲ.

ಕಾರಣ ಹುಡುಕುವ ಹೊತ್ತಿನಲ್ಲಿ ಹೆಚ್ಚು ಕಲ್ಲು ಬೀಳುವುದೂ ತಾಯಿಯ ಮೇಲೆ. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಹರಕೆ ಮರೆತಳು. ನನ್ನ ಹೆಂಡತಿ ನನ್ನ ಸೋದರತ್ತೆಯ ಮಗಳು. ರಕ್ತಸಂಬಂಧದ ಮದುವೆಯಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನು ಅಡಗಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆಯಿಂದ ಅದು ಬಂದರೆ, ಅಪ್ಪ ಅವ್ವ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದರೂ ಮಗುವಿಗೆ ಕೇಳದೆ ಹೋದೀತು. ಅಂದರೆ ದೋಷದ ಅರ್ಧ ಪಾಲು ಅಪ್ಪನದು. ಇದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳಲು ನನಗೆ ಧೈರ್ಯ ಬಂದದ್ದು ತಡವಾಗಿ. ಆದರೆ ತಡೆಯಬಹುದಾದ ಕಾರಣಗಳೇ ಹೆಚ್ಚು. ಮಕ್ಕಳ ಶ್ರವಣದೋಷದಲ್ಲಿ ಸುಮಾರು ಶೇಕಡಾ 60 ತಡೆಯಬಹುದಾದದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸುರಿಗೆ ತಗಲುವ ರುಬೆಲ್ಲಾಕ್ಕೆ ಲಸಿಕೆಯ ಅಭಿಯಾನ ಕರ್ನಾಟಕದಲ್ಲೂ ತೆಲಂಗಾಣದಲ್ಲೂ ನಡೆದದ್ದು 2017ರಲ್ಲಿ. ಕಿವಿ ಸೋರಿದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ಮಾತ್ರ ಇನ್ನೂ ನಿಂತಿಲ್ಲ. ದಯವಿಟ್ಟು ಕಿವಿಗೆ ಎಣ್ಣೆ ಹಾಕಬೇಡಿ.

ಸರ್ಕಾರದ ಕಡೆ ಏನೂ ಇಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡು ಇದೆ, ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ಮಗು ಅಂಗನವಾಡಿಗೆ ನಡೆದು ಬರುವ ಹೊತ್ತಿಗೆ ಆರು ತಿಂಗಳ ಗಡಿ ಎಂದೋ ದಾಟಿರುತ್ತದೆ. ಕೇರಳ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲೇ ನವಜಾತ ಶಿಶುಗಳ ಕಿವಿ ತಪಾಸಣೆಯನ್ನು 'ಕಾತೋರಂ' ಎಂಬ ಹೆಸರಿನಲ್ಲಿ ತಂದಿದೆ. ನಮ್ಮಲ್ಲೂ ಲಸಿಕೆಯ ಕಾರ್ಡಿನಲ್ಲಿ ಬಿಸಿಜಿ, ಪೋಲಿಯೋ ಸಾಲಿನ ಪಕ್ಕ 'ಕಿವಿ' ಎಂಬ ಒಂದು ಖಾನೆ ಬೇಕು, ಹೆರಿಗೆಯಾದ ಮೇಲೆ ತಾಯಿ ಮಗುವನ್ನು ಮನೆಗೆ ಕಳಿಸುವ ಮೊದಲು ಅದು ತುಂಬಿರಬೇಕು. ಆಗ ಯಾವ ತಾಯಿಯೂ ಅತ್ತೆಯ ಜೊತೆ, ಗಂಡನ ಜೊತೆ ವಾದ ಗೆಲ್ಲಬೇಕಾಗಿಲ್ಲ.

ಕಾನೂನಿನ ಒಂದು ಗೆರೆಯನ್ನೂ ಹೇಳಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ಕೊರತೆಯಿದ್ದರೆ ಮಂದ ಶ್ರವಣ, 70 ಆದರೆ ಕಿವುಡು. ನನ್ನ ಮಗಳ 55 ಆ ಗೆರೆಯ ಹೊರಗೆ. ದೊಡ್ಡವರಿಗೆ ಈ ಅಳತೆ ನಡೆದೀತು, ಅವರು ಮಾತು ಕಲಿತು ಮುಗಿಸಿದವರು. ಕಲಿಯಬೇಕಾದ ಕೂಸಿಗೂ ಅದೇ ಗೆರೆ ಎಳೆಯುವುದು ಅನ್ಯಾಯ.

ಮಷೀನಿನಿಂದಲೂ ಶಸ್ತ್ರಚಿಕಿತ್ಸೆಯಿಂದಲೂ ಮಾತು ಸಾಕಷ್ಟು ಸಿಗದ ಮಕ್ಕಳಿಗೆ ಸನ್ನೆಯ ಭಾಷೆ ಇದೆ. ಅದು ಸೋಲಲ್ಲ, ಪೂರ್ಣ ಭಾಷೆ. ಭಾರತೀಯ ಸನ್ನೆ ಭಾಷೆಗಾಗಿ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೇ ಆಗಿದೆ. ಮೊದಲ ವರ್ಷಗಳಲ್ಲಿ ಯಾವ ಭಾಷೆಯೂ ಇಲ್ಲದೆ ಮಗುವನ್ನು ಕೂರಿಸುವುದೊಂದೇ ಆಗಬಾರದ್ದು.

ನನ್ನ ಮಗಳಿಗೆ ಈಗ ಆರು ವರ್ಷ. ಕಿವಿ ಬೆಳೆದಂತೆ ಮಷೀನಿನ ಅಚ್ಚು ಸಡಿಲಾಗಿ ಕೀಂಯ್ ಎನ್ನುತ್ತದೆ, ಆಗ ಹೊಸ ಅಚ್ಚಿಗೆ ಹೈದರಾಬಾದಿನ ಬಸ್ಸು ಹತ್ತುತ್ತೇವೆ. 'ಸ' ಇನ್ನೂ ಪೂರ್ತಿ ತಿದ್ದಿಲ್ಲ. ಹೋದ ವಾರ ಓಣಿಯ ಸೊಸೆಯೊಬ್ಬಳು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ಕರದ್ರ ತಿರಗಲ್ಲ ಅಕ್ಕ, ಮನ್ಯಾಗ ಯಾರೂ ನಂಬಲ್ಲ" ಅಂದಳು. ನನ್ನ ಹೆಂಡತಿ ಕೂಸನ್ನು ಕರೆದು ನೋಡಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ದಿನಾ ಎಷ್ಟು ಗಂಟೆಗೆ ಮಲಗುತ್ತದೆ ಎಂದು ಕೇಳಿದಳು. ಹನ್ನೊಂದಕ್ಕೆ ಎಂಬ ಉತ್ತರ ಬಂತು. ಹಾಗಾದರೆ ನಾಳೆ ಮೊದಲ ಬಸ್ಸಿಗೆ ಹೋಗೋಣ, ದಾರಿಯಲ್ಲಿ ಮಲಗಲು ಬಿಡಬೇಡ, ಅಲ್ಲಿ ಹೋಗಿ ಮಲಗಲಿ ಎಂದು ಹೇಳಿ ಒಳಗೆ ಹೋಗಿ ಚೀಲ ತೆಗೆದಳು.