ನಮ್ಮ ಕಾಯಿಲೆಯ ಕಾಗದ ನಮ್ಮ ಕೈಯಲ್ಲಿರಲಿ



ಮಳೆಗಾಲದ ಒಂದು ಮಧ್ಯಾಹ್ನ, ಚೆಂಬೂರಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ದುಡಿಯುವ ತಮ್ಮನೊಬ್ಬ ನಮ್ಮ ಸಂಘದ ಕಚೇರಿಗೆ ಬಂದ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಜ್ವರ. ಊರಿನಲ್ಲಿ ಕ್ಷಯಕ್ಕೆ ಎರಡು ತಿಂಗಳು ಗುಳಿಗೆ ನುಂಗಿದ್ದನಂತೆ. ಮೈ ಹಗುರಾಯಿತೆಂದು ಬಿಟ್ಟು ಮುಂಬಯಿಗೆ ಬಂದನಂತೆ. ಯಾವ ಗುಳಿಗೆ? "ಕೆಂಪಗಿತ್ತು" ಎಂದ. ಚೀಟಿ ಎಲ್ಲಿ? ಹೋಟೆಲಿನ ಅಟ್ಟದ ಮೇಲಿನ ಟ್ರಂಕಿನಲ್ಲಿ ಮಳೆನೀರಿಗೆ ಮುದ್ದೆಯಾಗಿತ್ತು.

ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ ಬೇಕು. ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದಂತಾಗುವ ಭಯವಿದೆ. ಹಿಂದೆ ಕೊಟ್ಟ ಮದ್ದು ಯಾವುದು ಎಂದು ತಿಳಿಯದೆ ಡಾಕ್ಟರರು ಕತ್ತಲಲ್ಲಿ ತಡಕಾಡಬೇಕೇ? ಬೇಕಾಗಿರಲಿಲ್ಲ. 2012ರಿಂದ ಸರಕಾರ ಕ್ಷಯರೋಗಿಗಳ ವಿವರವನ್ನು 'ನಿಕ್ಷಯ್' ಎಂಬ ಕಂಪ್ಯೂಟರು ದಾಖಲೆಯಲ್ಲಿ ಇಡುತ್ತಿದೆ. ರೋಗಿಗೊಂದು ನಂಬರು. ಊರಲ್ಲಿ ಹಿಡಿದ ಚಿಕಿತ್ಸೆಯನ್ನು ಆ ನಂಬರಿನ ಆಧಾರದಿಂದ ಮುಂಬಯಿಯಲ್ಲಿ ಮುಂದುವರಿಸಬಹುದು. ನಮ್ಮ ತಮ್ಮನ ಹೆಸರು, ಊರು ಹೇಳಿ ಹುಡುಕಿಸಿದಾಗ ದಾಖಲೆ ಸಿಕ್ಕಿಯೇ ಸಿಕ್ಕಿತು. ಆದರೆ ಅಂಥದೊಂದು ನಂಬರು ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ! ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಿದ ಸಹಾಯಧನದ ಸುದ್ದಿಯೂ ಅವನನ್ನು ಮುಟ್ಟಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಳ್ಳಲ್ಲ.

ಯಂತ್ರ ಬಂತೆಂದು ಹೆದರುವವರು ನಮ್ಮಲ್ಲಿದ್ದಾರೆ. ಯಂತ್ರ ಬಂತು, ಇನ್ನೇನು ರಾಮರಾಜ್ಯ ಎನ್ನುವವರೂ ಇದ್ದಾರೆ. ನಾವು ಕೇಳುವುದು ಒಂದೇ ಪ್ರಶ್ನೆ: ಬೀಗದ ಕೈ ಯಾರ ಬಳಿ?

2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ 'ಆಯುಷ್ಮಾನ್ ಭಾರತ್ ಡಿಜಿಟಲ್ ಮಿಶನ್' ಸಾರಲಾಯಿತು. 14 ಅಂಕೆಗಳ 'ಆಭಾ' ನಂಬರು ಮಾಡಿಸಿಕೊಂಡರೆ ಬೇರೆ ಬೇರೆ ಆಸ್ಪತ್ರೆಗಳ ರಕ್ತಪರೀಕ್ಷೆ, ಮದ್ದಿನ ಚೀಟಿಗಳನ್ನು ಒಂದೆಡೆ ಜೋಡಿಸಬಹುದು. ನಂಬರು ಮಾಡಿಸುವುದು ಕಡ್ಡಾಯವಲ್ಲ. ನಮ್ಮ ಒಪ್ಪಿಗೆಯಿಲ್ಲದೆ ಕಾಗದ ಯಾರಿಗೂ ತೋರಿಸುವಂತಿಲ್ಲ. ಮಾತು ಚೆನ್ನಾಗಿದೆ. ಆದರೆ ಒಪ್ಪಿಗೆ ಎಂದರೇನು? ಮೊಬೈಲಿಗೆ ಬರುವ ಒಟಿಪಿ. ಆ ಮೊಬೈಲು ಯಾರದು? ಕಾರ್ಮಿಕರ ನೋಂದಣಿಯಲ್ಲಿ ಮ್ಯಾನೇಜರರ ನಂಬರು ಬರೆಸಿದ ಹೋಟೆಲುಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಮ್ಮು ನಮ್ಮದು, ಒಟಿಪಿ ಗಲ್ಲಾಪೆಟ್ಟಿಗೆಗೆ! ನಮ್ಮ ಜುಟ್ಟನ್ನು ನಾವೇ ಅವರ ಕೈಗೆ ಕೊಟ್ಟಂತಾಯಿತು. ಕ್ಷಯ ಎಂದು ಗೊತ್ತಾದ ದಿನವೇ "ಊರಿಗೆ ಹೋಗಿ ಸುಧಾರಿಸಿಕೊಂಡು ಬಾ" ಎಂದು ಲೆಕ್ಕ ಮುಗಿಸುವ ಧಣಿಗಳೂ ಇದ್ದಾರೆ. ಮಾಲಿಕರು ನಮ್ಮ ಊರವರೇ, ನಮ್ಮ ಭಾಷೆಯವರೇ ಇರಬಹುದು. ಊರಿನ ನಂಟು ಪ್ರೀತಿಗಿರಲಿ. ಬಾಯಿ ಮುಚ್ಚಿಸಲಿಕ್ಕೆ ಬೇಡ.

ಇನ್ನು ಇ.ಎಸ್.ಐ. ವಿಷಯ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಸಂಬಳದ ಶೇಕಡಾ 0.75 ನಮ್ಮದು, 3.25 ಮಾಲಿಕರದು. 15,000 ರೂಪಾಯಿ ಸಂಬಳಕ್ಕೆ ನಾವು ಕೊಡುವುದು 112 ರೂಪಾಯಿ 50 ಪೈಸೆ. ಮಾಲಿಕರು ಕೊಡಬೇಕಾದದ್ದು 487 ರೂಪಾಯಿ 50 ಪೈಸೆ. ಅರ್ಹನಾದವನು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70 ಸಿಗುತ್ತದೆ. ಆದರೆ ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವನಿಗೆ ಕಂಪ್ಯೂಟರಿನಲ್ಲಿ ಹೆಸರು ಎಲ್ಲಿಂದ ಬರಬೇಕು?

ಗಿರಣಿಯ ಹಿರಿಯರನ್ನು ಕೇಳಿ, ದಾಖಲೆಯ ಬೆಲೆ ಹೇಳುತ್ತಾರೆ. ಹತ್ತಿಯ ಧೂಳು ಎದೆಗಿಳಿದು ಬರುವ ರೋಗಕ್ಕೆ ಡಾಕ್ಟರರು ಬಿಸಿನೋಸಿಸ್ ಎನ್ನುತ್ತಾರೆ. ವಾರದ ರಜೆ ಕಳೆದು ಖಾತೆಗೆ ಮರಳಿದ ದಿನ ಎದೆ ಬಿಗಿಯುವುದು ಅದರ ಗುರುತು. ಇ.ಎಸ್.ಐ. ಕಾಯಿದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಅದು ಸೇರಿತ್ತು. ಆದರೆ ಪಟ್ಟಿಯಲ್ಲಿದ್ದರೆ ಸಾಕೇ? ರುಜುವಾತು ಬೇಡವೇ? 1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಒಂದೊಂದೇ ಗಿರಣಿ ಮುಚ್ಚಿತು, ಕಾಗದಗಳು ದಿಕ್ಕಾಪಾಲಾದವು. ಉಬ್ಬಸ ಮಾತ್ರ ಹಿರಿಯರೊಡನೆ ಚಾಳಿನ ಕೋಣೆಗೆ ಬಂತು. "ಇದು ಬೀಡಿಯ ಕೆಮ್ಮು" ಎಂದರೆ ಎದುರು ಹೇಳಲು ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ.

ಒಬ್ಬನ ದಾಖಲೆ ಒಬ್ಬನ ಕಾಯಿಲೆಯನ್ನು ಹೇಳುತ್ತದೆ. ನೂರು ಜನರ ದಾಖಲೆಯನ್ನು, ಹೆಸರು ತೆಗೆದು, ಒಟ್ಟಿಗೆ ನೋಡಿದರೆ ಕೆಲಸದ ಜಾಗದ ಕಾಯಿಲೆ ಹೊರಬೀಳುತ್ತದೆ: ಯಾವ ಖಾತೆಯಲ್ಲಿ ಧೂಳು, ಯಾವ ಅಡುಗೆಮನೆಗೆ ಕಿಟಕಿಯಿಲ್ಲ, ಯಾವ ಅಟ್ಟದಲ್ಲಿ ಹತ್ತು ಜನ ಒಬ್ಬರ ಉಸಿರು ಒಬ್ಬರು ಕುಡಿದು ಮಲಗುತ್ತಾರೆ! ಕಂಪ್ಯೂಟರಿನ ನಿಜವಾದ ಶಕ್ತಿ ಇದು. ಈ ಲೆಕ್ಕವನ್ನು ಕೇಳುವವರು ನಾವಾಗದಿದ್ದರೆ ಇನ್ಯಾರೂ ಕೇಳಲಾರರು.

ಯಂತ್ರವನ್ನೇ ನಂಬಿ ಕೂರುವುದೂ ಸಲ್ಲದು. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಕಳ್ಳರು ದಾಳಿ ಮಾಡಿದಾಗ ಅಲ್ಲಿಯವರು ದಿನಗಟ್ಟಲೆ ಕಾಗದ-ಪೆನ್ನು ಹಿಡಿದು ಕೆಲಸ ಮಾಡಬೇಕಾಯಿತು. ಖಾಸಗಿ ವಿವರಗಳ ರಕ್ಷಣೆಗೆಂದು 2023ರಲ್ಲಿ ಕಾಯಿದೆಯಾಯಿತು. ಕೇಳುವವರಿಲ್ಲದಿದ್ದರೆ ಕಾಯಿದೆ ಕಪಾಟಿನಲ್ಲೇ ನಿದ್ರಿಸುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ದವಾಖಾನೆಯಿಂದ ಹೊರಡುವಾಗ ಕಾಯಿಲೆ, ಮದ್ದು, ಮುಂದಿನ ತಾರೀಕು ಮುದ್ರಿಸಿದ ಚೀಟಿ ರೋಗಿಯ ಕೈಗೆ ಬರಬೇಕು. ಅವನು ಓದಬಲ್ಲ ಭಾಷೆಯಲ್ಲಿ ಇರಬೇಕು.

2. ನೋಂದಣಿಯಲ್ಲಿ ಕಾರ್ಮಿಕನ ಸ್ವಂತ ಮೊಬೈಲು ನಂಬರೇ ಇರಬೇಕು. ಮಾಲಿಕರದು ಕೂಡದು.

3. ಕಾಯಿಲೆಯ ದಾಖಲೆ ನೋಡಿ ಕೆಲಸದಿಂದ ತೆಗೆಯುವುದು ನಿಲ್ಲಬೇಕು.

4. ನಂಬರಿಲ್ಲ, ಮೊಬೈಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸಕೂಡದು.

ಬೇಡಿಕೆಯಿಟ್ಟು ಕೈಕಟ್ಟಿ ಕೂತರೆ ಆಗದು. ನಮ್ಮ ಸಂಘಗಳು ಯಕ್ಷಗಾನಕ್ಕೆ, ಸನ್ಮಾನಕ್ಕೆ ಚಪ್ಪರ ಹಾಕುತ್ತವೆ; ಹಾಕಲಿ. ಅದೇ ಚಪ್ಪರದ ಮೂಲೆಯಲ್ಲಿ ಒಂದು ಮೇಜು ಇಟ್ಟು, ಕಲಿತ ಹುಡುಗ ಹುಡುಗಿಯರನ್ನು ಕೂರಿಸಿ, ಪ್ರತಿಯೊಬ್ಬ ಹೋಟೆಲು ಕಾರ್ಮಿಕನ ನೋಂದಣಿಯಲ್ಲಿ ಯಾರ ಮೊಬೈಲು ನಂಬರಿದೆ ಎಂದು ನೋಡಿ ತಿದ್ದಿಸಲಾಗದೇ? ಹಗಲೆಲ್ಲ ಲೋಟ ತೊಳೆದ ಹುಡುಗರಿಗೆ ನಮ್ಮ ಹಿರಿಯರು ಈ ಊರಿನಲ್ಲಿ ರಾತ್ರಿಶಾಲೆ ಕಟ್ಟಿ ಅಕ್ಷರ ಕಲಿಸಿದರು. ಸಂಬಳದ ಪುಸ್ತಕದಲ್ಲಿ ಏನು ಬರೆದಿದೆಯೆಂದು ಓದದೆ ಹೆಬ್ಬೆಟ್ಟು ಒತ್ತಬೇಡ ಎಂದು ಅವರು ಹೇಳಿದರು. ಏನೆಂದು ಕೇಳದೆ ಒಟಿಪಿ ಹೇಳಬೇಡ ಎಂದು ನಾವು ಹೇಳುತ್ತೇವೆ.

ದೋಸೆ ಕಾವಲಿಯ ತಮ್ಮ ಈಗ ಗುಳಿಗೆ ತಪ್ಪಿಸುತ್ತಿಲ್ಲ. ಅವನ ನಂಬರನ್ನು ಪ್ಲಾಸ್ಟಿಕ್ಕು ಹೊದಿಸಿದ ಚೀಟಿಯಲ್ಲಿ ಬರೆದು ಕೊಟ್ಟಿದ್ದೇವೆ. ಅದು ಅವನ ಅಂಗಿಯ ಕಿಸೆಯಲ್ಲಿದೆ, ಗಲ್ಲಾಪೆಟ್ಟಿಗೆಯಲ್ಲಿ ಅಲ್ಲ. ಬಾಂಧವರೇ, ನಿಮ್ಮದು ಎಲ್ಲಿದೆ?